ಗಜಕರ್ಣವೂ ಅದರ ಹೊಸ ಉಪಚಾರವೂ

ಮೃಗಶಿರದ ಮಳೆ ಬಿದ್ದು ಕೃಷ್ಣೆಗೆ ಹೊಸ ನೀರು ಬಂದಿತೆಂದರೆ ನಮ್ಮ ಶಿರಗುಪ್ಪಿಯ ಕಬ್ಬಿನ ಹೊಲಗಳಂತೆ ಒಕ್ಕಲುಮಕ್ಕಳ ಮನಸ್ಸೂ ಚಿಗುರುವದು. ಮೇಘದೂತದಲ್ಲಿ ಕಾಳಿದಾಸನು ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ಮೇಲೇಳುವದನ್ನು ಭೂಮಿಯು ಫಲವತಿಯಾಗುವ ಗುರುತೆಂದು ವರ್ಣಿಸಿರುವನು. ಆತನು ಕಂಡ ಶಿಲೀಂಧ್ರವು ಅಣಬೆ. ಅದೇ ಕುಲಕ್ಕೆ ಸೇರಿದ, ಕಣ್ಣಿಗೆ ಕಾಣದ ಮತ್ತೊಂದು ಬಳಗವುಂಟು. ಅದು ಮಳೆಗಾಲದಲ್ಲಿ ಉಪ್ಪಿನಕಾಯಿಯ ಭರಣಿಯಲ್ಲಿ ಬೂಷ್ಟಾಗಿ ಬೆಳೆಯುವದು. ಮೂಲೆಯಲ್ಲಿಟ್ಟ ತೊಗಲಿನ ಕೆರವಿನ ಮೇಲೆ ಬೆಳೆಯುವದು. ಕೊನೆಗೆ ಮನುಷ್ಯನ ಮೈಮೇಲೆಯೂ ಬೆಳೆಯುವದು. ಹಾಗೆ ಮೈಮೇಲೆ ಬೆಳೆದುದನ್ನೇ ನಮ್ಮ ಕಡೆಯವರು ಗಜಕರ್ಣವೆನ್ನುವರು. ಮೈಸೂರ ಕಡೆಯವರು ಹುಳುಕಡ್ಡಿಯೆನ್ನುವರು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ತುರಿಕೆಯ ಮಾತೇಕೆಂದು ವಾಚಕರು ಮೂಗು ಮುರಿಯಬಾರದು. ಈ ರೋಗವು ಇಷ್ಟು ಹಬ್ಬಿರುವದು ಬಹುಮಟ್ಟಿಗೆ ನಾವು ಅದರ ಮಾತೆತ್ತಲು ನಾಚಿಕೊಂಡಿದ್ದರಿಂದಲೇ. ಆದುದರಿಂದ ನಾಚಿಕೆಯನ್ನು ಬದಿಗಿಟ್ಟು ನಮ್ಮ ಮನೆಯ ಅನುಭವವನ್ನೇ ಮೊದಲು ಹೇಳುತ್ತೇವೆ.

ಮೂರು ವರ್ಷಗಳ ಹಿಂದಿನ ಶ್ರಾವಣದಲ್ಲಿ ನಮ್ಮ ನಡುವಿನ ಮೇಲೆ, ಉಡದಾರದ ಕೆಳಗೆ, ರೂಪಾಯಿಯಗಲದ ಒಂದು ಕೆಂಪು ಚಕ್ರವು ಮೂಡಿತು. ಹಗಲು ಹೇಗೋ ಸಹಿಸಬಹುದಾಗಿತ್ತು. ರಾತ್ರಿ ತುರಿಸದೆ ನಿದ್ರೆಯಿರಲಿಲ್ಲ. ವೈದ್ಯರ ಮುಂದೆ ಧೋತರವನ್ನು ಸಡಿಲಿಸಲು ಸಂಕೋಚಪಟ್ಟು, ಪಕ್ಕದ ಊರಿನ ಒಂದು ಔಷಧದ ಅಂಗಡಿಗೆ ಹೋಗಿ ದನಿ ತಗ್ಗಿಸಿ ಕೇಳಿದೆವು. ಅಂಗಡಿಯವನು ಮುಲಾಮಿನ ಒಂದು ಟ್ಯೂಬು ಕೊಟ್ಟನು. ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ನಿಂತು ಕೆಂಪು ಮಾಸಿತು. ಎಂಥ ದಿವ್ಯೌಷಧವೆಂದು ನಾಲ್ಕು ಜನರಿಗೆ ಹೇಳಿಯೂ ಬಂದೆವು. ಹಚ್ಚುವದನ್ನು ನಿಲ್ಲಿಸಿದ ಎಂಟು ದಿನಕ್ಕೆ ಚಕ್ರವು ಮರಳಿ ಬಂದಿತು; ಈ ಸಲ ಅಂಗೈಯಗಲ. ಮತ್ತೆ ಟ್ಯೂಬು, ಮತ್ತೆ ನೆಮ್ಮದಿ, ಮತ್ತೆ ಚಕ್ರ. ದೀಪಾವಳಿಯ ವೇಳೆಗೆ ಅದು ಎರಡೂ ತೊಡೆಗಳಿಗೆ ಇಳಿದಿತ್ತು. ಸಂಕ್ರಮಣದ ಹೊತ್ತಿಗೆ, ದಿನಾಲು ನಮ್ಮ ಹಾಸಿಗೆಯಲ್ಲಿ ಕತೆ ಕೇಳುತ್ತ ಮಲಗುವ ಮೊಮ್ಮಗನ ಕುತ್ತಿಗೆಯ ಮೇಲೆ ಒಂದು ಚಕ್ರವು ಕಾಣಿಸಿತು.

ಆ ದಿನ ನಮ್ಮ ಸೊಸೆಯು ಅತ್ತೆಯ ಮುಂದೆ ಅಳುತ್ತ ನಿಜವನ್ನು ಹೇಳಿದಳು. ಆಕೆಗೂ ಎರಡು ತಿಂಗಳಿಂದ ಸೀರೆಯ ನಿರಿಗೆ ಸಿಕ್ಕಿಸುವಲ್ಲಿ ಇದೇ ಬಾಧೆ. ಯಾರಿಗೂ ಹೇಳಲಾರದೆ ನಮ್ಮ ಟ್ಯೂಬನ್ನೇ ಕದ್ದು ಹಚ್ಚಿಕೊಳ್ಳುತ್ತಿದ್ದಳಂತೆ. ಗೊತ್ತಿಲ್ಲದ್ದನ್ನು ಬಲ್ಲವರಲ್ಲಿ ಕೇಳಿ ತಿಳಿಯಿರೆಂದು ಮೂವತ್ತು ವರ್ಷ ಹುಡುಗರಿಗೆ ಕಲಿಸಿದವರು ನಾವು. ನಮ್ಮ ಮನೆಯಲ್ಲಿಯೇ ಆ ಪಾಠವು ನಡೆದಿರಲಿಲ್ಲ.

ಮರುದಿನ ಮನೆಮಂದಿಯೆಲ್ಲ ಮಿರಜಿಗೆ ಹೋದೆವು. 1894ರಲ್ಲಿ ಡಾಕ್ಟರ ವಾನ್ಲೆಸ್ಸರು ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಕಡೆಯ ಕನ್ನಡದ ಊರುಗಳವರಿಗೂ ಮಿರಜೆಂದರೆ ಔಷಧೋಪಚಾರದ ಊರು. ಅಲ್ಲಿಯ ಚರ್ಮವೈದ್ಯರೊಬ್ಬರು ಚಕ್ರದ ಅಂಚನ್ನು ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಡಿಯಲ್ಲಿ ತೋರಿಸಿದರು. ನೂಲಿನ ಎಳೆಗಳಂತೆ ಕವಲೊಡೆದು ಹಬ್ಬಿದ ಶಿಲೀಂಧ್ರವನ್ನು ಕಣ್ಣಾರೆ ಕಂಡೆವು. ಇದಕ್ಕೆ ಹೊಸ ಔಷಧವೇನಾದರೂ ಬಂದಿದೆಯೆ ಎಂದು ಕೇಳಿದಾಗ ಅವರು ನಕ್ಕು, “ಹೊಸ ಔಷಧದ ಮಾತು ಆಮ್ಯಾಲೆ ಆಡೂಣ್ರಿ, ಮಾಸ್ತರ. ಮೊದಲ ಆ ಟ್ಯೂಬ್ ತಿಪ್ಪಿಗೆ ಒಗೀರಿ” ಎಂದರು. ಈ ಮಾತಿನ ಅರ್ಥವು ತಿಳಿಯಬೇಕಾದರೆ ರೋಗದ ಪೂರ್ವಕಥೆಯನ್ನು ಸ್ವಲ್ಪ ನೋಡಬೇಕು.

ಗಜಕರ್ಣವು ಹೊಸ ರೋಗವಲ್ಲ. ಸಂಸ್ಕೃತದಲ್ಲಿ ಇದಕ್ಕೆ ದದ್ರುವೆಂದು ಹೆಸರು. ಅಮರಕೋಶದಲ್ಲಿ ಈ ರೋಗವುಳ್ಳವನಿಗೆ ದದ್ರುಣನೆಂಬ ಬೇರೆ ಪದವೇ ಇದೆ. ಒಬ್ಬ ರೋಗಿಗಾಗಿ ಕೋಶಕಾರನು ಪ್ರತ್ಯೇಕ ಶಬ್ದವನ್ನು ಕೊಟ್ಟಿರುವನೆಂದ ಮೇಲೆ ಅಂಥವರು ಆಗಲೂ ಕಡಿಮೆಯಿರಲಿಲ್ಲ. ಚರಕ ಸುಶ್ರುತರಿಬ್ಬರೂ ಚರ್ಮರೋಗಗಳನ್ನು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟಾಗಿ ಎಣಿಸಿರುವರು. ಸ್ವಾರಸ್ಯವೇನೆಂದರೆ, ಚರಕನು ದದ್ರುವನ್ನು ಕ್ಷುದ್ರಗಳ ಸಾಲಿನಲ್ಲಿಟ್ಟರೆ ಸುಶ್ರುತನು ಅದನ್ನು ಮಹಾಕುಷ್ಠಗಳಲ್ಲಿ ಸೇರಿಸಿರುವನು. ಪಾಠಶಾಲೆಯಲ್ಲಿ ಓದುವಾಗ ಈ ಭೇದವು ನಮಗೆ ವಿಚಿತ್ರವೆನಿಸಿತ್ತು. ಇಂದು ಹಾಗೆನಿಸುವದಿಲ್ಲ. ಒಂದೇ ರೋಗವು ಒಂದು ಕಾಲಕ್ಕೆ ಕ್ಷುದ್ರವಾಗಿದ್ದು ಮತ್ತೊಂದು ಕಾಲಕ್ಕೆ ಮಹತ್ತಾಗಬಹುದು; ನಮ್ಮ ಕಣ್ಣೆದುರಿಗೇ ಹಾಗಾಗಿದೆ.

ಹಿತ್ತಿಲಲ್ಲಿ ತಾನಾಗಿ ಬೆಳೆಯುವ ತಗಚಿಯ ಗಿಡಕ್ಕೆ ಚಕ್ರಮರ್ದ, ದದ್ರುಘ್ನ ಎಂದು ಹೆಸರುಗಳು. ಚಕ್ರವನ್ನು ಒರಸಿಹಾಕುವದು, ದದ್ರುವನ್ನು ಕೊಲ್ಲುವದು ಎಂದು ಅವುಗಳ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋವೆಯ ಪುಡಿಯೆಂಬ ಔಷಧವು ಪ್ರಸಿದ್ಧವಾಗಿತ್ತು. ಅದು ಬ್ರಾಝಿಲ ದೇಶದ ಒಂದು ಮರದಿಂದ ದೊರೆತು ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ಬರುತ್ತಿತ್ತು. ಆಮೇಲೆ ಬೆಂಝಾಯಿಕ ಮತ್ತು ಸ್ಯಾಲಿಸಿಲಿಕ ಆಮ್ಲಗಳನ್ನು ಕೂಡಿಸಿದ ವ್ಹಿಟ್‌ಫೀಲ್ಡ ಮುಲಾಮು ಬಂದಿತು. ಇವೆಲ್ಲ ಮೇಲೆ ಹಚ್ಚುವ ಔಷಧಗಳು; ಕೆಲವರಿಗೆ ಗುಣ, ಕೆಲವರಿಗೆ ಬರಿಯ ಉರಿ.

ಹೊಟ್ಟೆಗೆ ಕೊಡುವ ಔಷಧವು ದೊರೆತದ್ದು ಒಂದು ಬೂಷ್ಟಿನಿಂದಲೇ ಎಂಬದು ಸೋಜಿಗ. 1939ರಲ್ಲಿ ಇಂಗ್ಲಂಡದಲ್ಲಿ ಪೆನಿಸಿಲಿಯಂ ಜಾತಿಯ ಒಂದು ಶಿಲೀಂಧ್ರದಿಂದ ಗ್ರಿಸಿಯೋಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ, ಅದನ್ನು ತಿನ್ನಿಸಿದರೆ ಗಿನಿಯಿಲಿಗಳ ಗಜಕರ್ಣವು ಮಾಯುವದೆಂದು ಸಿದ್ಧವಾಯಿತು; ಕೂಡಲೆ ಮನುಷ್ಯರಿಗೂ ಕೊಡತೊಡಗಿದರು. 1991ರಲ್ಲಿ ಟರ್ಬಿನಾಫಿನ್ ಎಂಬ ಗುಳಿಗೆಯು ಯುರೋಪದಲ್ಲಿ ಬಳಕೆಗೆ ಬಂದಿತು. ಶಿಲೀಂಧ್ರದ ಜೀವಕೋಶದ ಸುತ್ತಲಿನ ತೆಳುಪೊರೆಯು ಎರ್ಗೊಸ್ಟೆರಾಲೆಂಬ ಜಿಡ್ಡಿನಿಂದ ಗಟ್ಟಿಯಾಗಿರುವದು. ಆ ಜಿಡ್ಡನ್ನು ತಯಾರಿಸುವ ಒಂದು ಕಿಣ್ವವನ್ನು ಟರ್ಬಿನಾಫಿನ್ ತಡೆಯುವದು. ಪೊರೆಯು ಕೆಟ್ಟು ಶಿಲೀಂಧ್ರವು ಸಾಯುವದು. ಎರಡು ಮೂರು ವಾರಗಳಲ್ಲಿ ರೋಗವು ಗುಣವಾಗುತ್ತಿತ್ತು. ಆಗ ಗಜಕರ್ಣವು ಚರಕನು ಹೇಳಿದಂತೆ ಕ್ಷುದ್ರವೇ ಆಗಿತ್ತು.

ಕಳೆದ ದಶಕದಲ್ಲಿ ಈ ಸ್ಥಿತಿಯು ತಲೆಕೆಳಗಾಯಿತು. ಎರಡು ವಾರದ ಗುಳಿಗೆಗೆ ಮಣಿಯದ, ಮಣಿದರೂ ಮರಳಿ ಬರುವ, ಮನೆಮಂದಿಗೆಲ್ಲ ಅಂಟುವ ಗಜಕರ್ಣವು ಭರತಖಂಡದ ತುಂಬ ಹಬ್ಬಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ 200 ರೋಗಿಗಳನ್ನು ಐವತ್ತರಂತೆ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಔಷಧವನ್ನು ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಎಂಟು ವಾರಗಳ ತರುವಾಯ ಗುಣವಾದವರು ಇಟ್ರಾಕೊನಝೋಲಿನಿಂದ ನೂರಕ್ಕೆ 66, ಫ್ಲುಕೊನಝೋಲಿನಿಂದ 42, ಟರ್ಬಿನಾಫಿನಿನಿಂದ 28, ಗ್ರಿಸಿಯೋಫಲ್ವಿನಿನಿಂದ ಕೇವಲ 14. ಒಂದು ಕಾಲದ ರಾಮಬಾಣಗಳು ಹೀಗೆ ಮೊಂಡಾಗಿದ್ದವು.

ಕಾರಣವೇನು? ಅದೇ 2020ರಲ್ಲಿ ಜಪಾನದ ವಿದ್ವಾಂಸರು, ತಮ್ಮಲ್ಲಿಗೆ ಬಂದ ಒಬ್ಬ ನೇಪಾಳಿ ಮತ್ತು ಒಬ್ಬ ಭಾರತೀಯ ರೋಗಿಯ ಮೈಯಿಂದ ದೊರೆತ ಶಿಲೀಂಧ್ರವನ್ನು ಪರೀಕ್ಷಿಸಿ, ಇದು ಬೇರೆಯೇ ಒಂದು ಜಾತಿಯೆಂದು ನಿಶ್ಚಯಿಸಿ, ಟ್ರೈಕೊಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಹಿಡಿದು ಕಟ್ಟುವ ಆ ಕಿಣ್ವದ ಆಕಾರವು ಇದರಲ್ಲಿ ಅನೇಕ ವೇಳೆ ಬದಲಾಗಿರುವದು. ಕೀಲಿಯನ್ನು ಬದಲಿಸಿದ ಮೇಲೆ ಹಳೆಯ ಕೀಲಿಕೈ ಹೇಗೆ ಹತ್ತೀತು? 2023ರಲ್ಲಿ ಅಮೆರಿಕೆಯ ನ್ಯೂಯಾರ್ಕ ನಗರದಲ್ಲಿಯೂ ಇಬ್ಬರಲ್ಲಿ ಇದೇ ಶಿಲೀಂಧ್ರವು ಕಂಡುಬಂದಿತು. ಗಂಗೆ ಕೃಷ್ಣೆಗಳ ದಂಡೆಯ ರೋಗವು ಕಡಲನ್ನು ದಾಟಿತು.

ಶಿಲೀಂಧ್ರಕ್ಕೆ ಇಂಥ ಪುಷ್ಟಿ ದೊರೆಯಲು ಅನೇಕ ಕಾರಣಗಳಿರಬಹುದು: ಸೆಕೆ, ಬಿಗಿಯಾದ ಉಡುಪು, ಅರ್ಧಕ್ಕೆ ಬಿಟ್ಟ ಔಷಧ, ಇಕ್ಕಟ್ಟಿನ ವಾಸ. ಆದರೆ ನಮ್ಮ ದೇಶದ ಚರ್ಮವೈದ್ಯರು ಎಲ್ಲಕ್ಕೂ ಮೊದಲು ಬೆರಳಿಟ್ಟು ತೋರಿಸುವದು ಆ ಟ್ಯೂಬಿನ ಕಡೆಗೆ. ಅದರಲ್ಲಿ ಶಿಲೀಂಧ್ರವನ್ನು ಕೊಲ್ಲುವ ವಸ್ತುವಿನ ಜತೆಗೆ ಸ್ಟಿರಾಯ್ಡು ಕೂಡಿರುವದು. ಚರ್ಮವು ಕೆಂಪಾಗುವದು, ತುರಿಸುವದು ಇವು ರೋಗವಲ್ಲ. ದೇಹದ ಕಾವಲುಗಾರರು ಶತ್ರುವಿನೊಡನೆ ಹೋರಾಡುವ ಸಪ್ಪಳ. ಸ್ಟಿರಾಯ್ಡು ಆ ಕಾವಲುಗಾರರನ್ನು ಮಲಗಿಸುವದು. ಸಪ್ಪಳವು ನಿಲ್ಲುವದು, ಕಳ್ಳನು ಹೋಗಿಬಿಟ್ಟನೆಂದು ಮನೆಯವರು ತಿಳಿಯುವರು. ಆತನಾದರೋ ಒಳಗೇ ಇದ್ದು ಕಣಜವನ್ನು ಬರಿದು ಮಾಡುತ್ತಿರುವನು. ಇಂಥ ಗಜಕರ್ಣಕ್ಕೆ ಚಕ್ರದ ಆಕಾರವೂ ಉಳಿಯದೆ ಅದು ಬೇರೆ ರೋಗದಂತೆ ತೋರುವದರಿಂದ, 1968ರಲ್ಲಿಯೇ ಇಂಗ್ಲಂಡದ ಇಬ್ಬರು ವೈದ್ಯರು ಇದಕ್ಕೆ ಕೊಟ್ಟ ಹೆಸರಿನ ಅರ್ಥವು ಅಜ್ಞಾತವಾಸದ ಗಜಕರ್ಣವೆಂದು. ವಿರಾಟನ ಮನೆಯಲ್ಲಿ ಪಾಂಡವರು ವೇಷ ಮರೆಸಿಕೊಂಡದ್ದು ಧರ್ಮಕ್ಕಾಗಿ. ಇದರ ವೇಷವಾದರೋ ನಮ್ಮ ಕೇಡಿಗಾಗಿ. ಬಹುಕಾಲ ಹಚ್ಚಿದರೆ ತೊಗಲು ತೆಳುವಾಗಿ, ತೊಡೆಯ ಸಂದುಗಳಲ್ಲಿ ಬಿರಿದಂಥ ಪಟ್ಟಿಗಳು ಮೂಡುವವು. ಅವು ಜನ್ಮದಲ್ಲಿ ಹೋಗುವದಿಲ್ಲ.

2018ರಲ್ಲಿ ಕೇಂದ್ರ ಸರಕಾರವು ಹದಿನಾಲ್ಕು ಬಗೆಯ ಸ್ಟಿರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ಆದರೆ ಕೇಳುವವರಿರುವ ತನಕ ಕೊಡುವವರಿರುವರು. ಆದುದರಿಂದ ವಾಚಕರು ತಮ್ಮ ಮನೆಯ ಗೂಡಿನಲ್ಲಿರುವ ಟ್ಯೂಬನ್ನು ಇಂದೇ ತೆಗೆದು, ಕಣ್ಣು ಚುರುಕಾಗಿರುವ ಮೊಮ್ಮಕ್ಕಳಿಂದ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಬೇಕು. ಕ್ಲೊಬೆಟಸಾಲ್, ಬೆಟಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಡೆಕ್ಸಮೆಥಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಗಜಕರ್ಣಕ್ಕೆ ಹಚ್ಚತಕ್ಕದ್ದಲ್ಲ.

ಹಾಗಾದರೆ ಹೊಸ ಉಪಚಾರವೆಂದರೇನು? ನಾವು ಮಿರಜಿನಲ್ಲಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ಸ್ಟಿರಾಯ್ಡು ಮುಲಾಮನ್ನು ಬಿಡುವದು. ಬಿಟ್ಟ ಮೇಲೆ ಕೆಲವು ದಿನ ಉರಿಯೂ ಕೆಂಪೂ ಹೆಚ್ಚಾಗುವವು. ಕಾವಲುಗಾರರು ಎಚ್ಚತ್ತರೆಂದು ತಿಳಿದು ಧೈರ್ಯದಿಂದಿರಬೇಕು. ಆದರೆ ದಮ್ಮು, ಸಂದಿವಾತ ಮೊದಲಾದವುಗಳಿಗಾಗಿ ಸ್ಟಿರಾಯ್ಡಿನ ಗುಳಿಗೆ ನುಂಗುವವರು ತಾವಾಗಿ ಅದನ್ನು ಎಂದೂ ಒಮ್ಮೆಲೆ ನಿಲ್ಲಿಸಬಾರದು. ಅದರಿಂದ ಜೀವಕ್ಕೇ ಅಪಾಯವುಂಟು. ಸ್ಟಿರಾಯ್ಡು ದುಷ್ಟ ಔಷಧವಲ್ಲ. ತನ್ನದಲ್ಲದ ಎಡೆಯಲ್ಲಿ ಮಾತ್ರ ಅದು ವಿಷ.

ಎರಡನೆಯದು, ರೋಗವನ್ನು ಗುರುತಿಸುವದು. ತುರಿಸುವದೆಲ್ಲ ಗಜಕರ್ಣವಲ್ಲ, ಇಸಬು ಬೇರೆ, ಹುರುಕು ಬೇರೆ, ಎದೆಬೆನ್ನುಗಳ ಮೇಲಿನ ಸಿಬ್ಬು ಬೇರೆ. ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವದು ಕೆಲವು ನಿಮಿಷಗಳ ಕೆಲಸ.

ಮೂರನೆಯದು, ಪೂರ್ತಿ ಕಾಲದ ಔಷಧ. ಹಿಂದಿನ ಎರಡು ವಾರಗಳು ಈಗ ಸಾಲುವದಿಲ್ಲ. ಯಾವ ಔಷಧ, ಎಷ್ಟು, ಎಷ್ಟು ದಿನ ಎಂಬದನ್ನು ವೈದ್ಯರು ರೋಗಿಯನ್ನು ನೋಡಿ ಗೊತ್ತುಪಡಿಸುವರು. ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಕಡಿಮೆಯಿಲ್ಲ. ಚರ್ಮವು ಶುದ್ಧವಾಗಿ ಕಂಡ ಮೇಲೆಯೂ ಎರಡು ವಾರ ಮುಂದುವರಿಸುವ ರೂಢಿಯಿದೆ. ಇಟ್ರಾಕೊನಝೋಲಿನ ಕೋಶಗುಳಿಗೆಯನ್ನು ಊಟದ ಜತೆಗೆ ನುಂಗಬೇಕು. ಇಲ್ಲದಿದ್ದರೆ ಅದು ಮೈಗೆ ಹತ್ತುವದಿಲ್ಲ. ಹೃದಯದ, ಯಕೃತ್ತಿನ ತೊಂದರೆಯುಳ್ಳವರೂ ಬೇರೆ ಗುಳಿಗೆಗಳನ್ನು ನುಂಗುವವರೂ ಗರ್ಭಿಣಿಯರೂ ಆ ಸಂಗತಿಯನ್ನು ವೈದ್ಯರಿಗೆ ಮುಂಚಿತವಾಗಿಯೇ ಹೇಳಬೇಕು.

ನಾಲ್ಕನೆಯದು, ಒಬ್ಬನಿಗಲ್ಲ, ಮನೆಗೇ ಉಪಚಾರ. ರೋಗವಿದ್ದವರೆಲ್ಲರೂ ಏಕಕಾಲದಲ್ಲಿ ಔಷಧ ತೆಗೆದುಕೊಳ್ಳದಿದ್ದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುವದು. ಟವೆಲು, ಹಾಸಿಗೆ, ಒಳಉಡುಪು ಬೇರೆ ಬೇರೆಯಾಗಿರಬೇಕು. ರೋಗಿಯ ಬಟ್ಟೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಮಳೆಗಾಲದಲ್ಲಿ ಇಸ್ತ್ರಿ ಮಾಡಬೇಕು. ಸ್ನಾನದ ತರುವಾಯ ಸಂದುಗಳನ್ನು ಒಣಗಿಸಿಕೊಂಡು ಸಡಿಲಾದ ಹತ್ತಿಯ ಬಟ್ಟೆಯನ್ನು ಉಡಬೇಕು. ಸದಾ ತೊಯ್ದು ನಡುವಿಗಂಟಿರುವ ಉಡದಾರವು ಶಿಲೀಂಧ್ರದ ತವರುಮನೆ. ಹುಟ್ಟಿದಂದಿನಿಂದ ಕಟ್ಟಿಕೊಂಡು ಬಂದುದನ್ನು ಬಿಚ್ಚಲು ನಮಗೂ ಮನಸ್ಸು ಅಳುಕಿತು; ಬಿಚ್ಚಿದೆವು.

ಗಜಕರ್ಣವು ಜೀವ ತೆಗೆಯುವ ರೋಗವಲ್ಲ. ಆದರೆ ಇದೇ ತಪ್ಪು ಮೈಯ ಬೇರೆ ಎಡೆಯಲ್ಲಿ ನಡೆದರೆ ಅದರ ಫಲವು ಘೋರವಾಗುವದು. ನಮ್ಮ ಕಡೆ ಕಬ್ಬಿನ ಸುಗ್ಗಿಯಲ್ಲಿ ರವದಿಯ ಅಲಗು ಕಣ್ಣಿಗೆ ತಾಗುವದು ಸಾಮಾನ್ಯ. ಹಸಿಯ ಎಲೆ, ಒಣಗಿದ ಕಡ್ಡಿಗಳ ಮೇಲಿನ ಶಿಲೀಂಧ್ರವು ಆ ಗೀರಿನಲ್ಲಿ ಇಳಿದು ಕರಿಗುಡ್ಡೆಯ ಮೇಲೆ ಬಿಳಿಯ ಹುಣ್ಣನ್ನುಂಟುಮಾಡುವದು. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಜನರಿಗೆ ಹೀಗಾಗುವದೆಂದು 2021ರಲ್ಲಿ ಪ್ರಕಟವಾದ ಅಂದಾಜು ಹೇಳುವದು. ಇಲ್ಲಿಯೂ ಜನರು ಅಂಗಡಿಯ ಸ್ಟಿರಾಯ್ಡು ಹನಿಗಳನ್ನೋ ಹರಳೆಣ್ಣೆಯನ್ನೋ ಎದೆಹಾಲನ್ನೋ ಹಾಕಿ ದಿನ ಕಳೆಯುವರು. ಅಷ್ಟರಲ್ಲಿ ಕಣ್ಣು ಹೋಗಿರುವದು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಮುಂದಾಗಿ ನಡೆಸಿ 2013ರಲ್ಲಿ ಪ್ರಕಟಿಸಿದ, 323 ರೋಗಿಗಳ ಪರೀಕ್ಷೆಯಲ್ಲಿ ಹಳೆಯ ನಟಮೈಸಿನ್ ಹನಿಗಳೇ ಹೊಸದಾದ ವೊರಿಕೊನಝೋಲಿಗಿಂತ ಹೆಚ್ಚು ಗುಣಕಾರಿಯಾದವು. 2017ರಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯು ಅದನ್ನು ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಹೊಸದೆಲ್ಲವೂ ಮೇಲಲ್ಲವೆಂಬದಕ್ಕೆ ಇದೂ ಒಂದು ದೃಷ್ಟಾಂತ. ಕಣ್ಣಿಗೆ ರವದಿ ತಾಗಿದವರು ಆ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

2021ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಕೊರೋನಾ ರೋಗದಿಂದ ಉಳಿದು ಮನೆಗೆ ಬಂದವರ ಮೂಗು ಕಣ್ಣುಗಳನ್ನು ಕಪ್ಪು ಶಿಲೀಂಧ್ರವೆನ್ನುವ ರೋಗವು ಹಿಡಿಯಿತು. ಮೈಯಲ್ಲಿ ಸಕ್ಕರೆ ಕಾಯಿಲೆ, ಮೇಲೆ ಮಿತಿಮೀರಿದ ಸ್ಟಿರಾಯ್ಡು. ಕಾವಲು ಮಲಗಿದ ಮನೆ. ಅದಕ್ಕೆ ಬೇಕಾದ ಅಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಮಕ್ಕಳು ಊರೂರು ಅಲೆದರು. ಸಣ್ಣ ಚಕ್ರಕ್ಕೂ ಆ ಮಹಾಮಾರಿಗೂ ಜಾತಿಯಲ್ಲಿ ಭೇದವಿದ್ದರೂ ಅವೆರಡೂ ಒಳಹೊಕ್ಕ ಬಾಗಿಲು ಒಂದೇ.

ಹೊಸ ಔಷಧಗಳ ಶೋಧವು ನಡೆದೇ ಇದೆ. 2022ರಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯು ಮನುಷ್ಯರಿಗೆ ಅಪಾಯಕಾರಿಗಳಾದ 19 ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಸಲ ಪ್ರಕಟಿಸಿತು. ಇಬ್ರೆಕ್ಸಫಂಗರ್ಪ್ 2021ರಲ್ಲಿ, ರೆಝಫಂಗಿನ್ 2023ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದವು. ಅವು ಗಜಕರ್ಣಕ್ಕಲ್ಲ, ಬೇರೆ ಶಿಲೀಂಧ್ರರೋಗಗಳಿಗೆ. ಈ ಕಾರ್ಯವು ಸುಲಭದ್ದಲ್ಲ. ಶಿಲೀಂಧ್ರದ ಜೀವಕೋಶದ ರಚನೆಯು ರೋಗಾಣುಗಳ ಕೋಶಕ್ಕಿಂತ ನಮ್ಮ ಕೋಶಕ್ಕೇ ಹತ್ತಿರವಾದುದು. ಅದನ್ನು ಕೊಂದು ನಮ್ಮನ್ನು ಉಳಿಸುವ ವಿಷವು ಅಪರೂಪ. ಆದುದರಿಂದಲೇ ಕೈಯಲ್ಲಿರುವ ನಾಲ್ಕು ಔಷಧಗಳನ್ನು ಮೊಂಡು ಮಾಡದೆ ಕಾಯ್ದುಕೊಳ್ಳುವದು ವೈದ್ಯರಷ್ಟೇ ಗೃಹಸ್ಥರ ಕೆಲಸವೂ ಆಗಿದೆ.

ನಮ್ಮ ಮನೆಯಲ್ಲಿ ಗುಣವಾಗಲು ಹನ್ನೊಂದು ವಾರ ಹಿಡಿಯಿತು. ಮೊಮ್ಮಗನದು ಎಲ್ಲರಿಗಿಂತ ಮೊದಲು ಮಾಯಿತು. ನಮ್ಮದು ಕೊನೆಗೆ, ಏಕೆಂದರೆ ಟ್ಯೂಬನ್ನು ಹೆಚ್ಚು ದಿನ ಹಚ್ಚಿದವರು ನಾವೇ. ತೊಡೆಯ ಮೇಲಿನ ಪಟ್ಟಿಗಳು ಹಾಗೆಯೇ ಉಳಿದಿವೆ. ಅದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದಿರುವದು, ಹೇಳಿಕೊಳ್ಳಲು ಬಾಯಿಲ್ಲದೆ ಎರಡು ತಿಂಗಳು ರಾತ್ರಿಯೆಲ್ಲ ಎಚ್ಚರವಿದ್ದ ಸೊಸೆಯ ಸಂಕಟ. ಹಿರಿಯರು ತಮ್ಮ ತುರಿಕೆಯನ್ನು ಮುಚ್ಚಿಟ್ಟ ಮನೆಯಲ್ಲಿ ಕಿರಿಯರು ಹೇಳುವದೆಂತು? ಈಗ ನಮ್ಮ ಮನೆಯಲ್ಲಿ ಯಾರ ಮೈಮೇಲೆ ಏನು ಮೂಡಿದರೂ ಅದನ್ನು ಅತ್ತೆಯ ಮುಂದೆ ಹೇಳುವ ರೂಢಿಯಾಗಿದೆ, ವೈದ್ಯರಲ್ಲಿಗೆ ಹೋಗುವ ರೂಢಿಯೂ ಆಗಿದೆ. ಸುಶ್ರುತನ ಸಾಲಿಗೆ ಏರಿದ ದದ್ರುವನ್ನು ಮರಳಿ ಚರಕನ ಸಾಲಿಗೆ ಇಳಿಸುವದು ಅಲ್ಲಿಂದಲೇ ಮೊದಲಾಗುವದೆಂದು ನಾವು ನಂಬಿದ್ದೇವೆ.